ಹಳೆಯ ಗಾಡಿಯ ಜೀರ್ಣೋದ್ಧಾರ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನ ಅಭಿಪ್ರಾಯ)

ನಮ್ಮ ಕಾಲೇಜಿನ ಹಿಂಬದಿಯ ಹೊಂಗೆಯ ಮರದ ಕೆಳಗೆ ದಿನವೂ ಹತ್ತು ಗಂಟೆಗೆ ಬಂದು ನಿಲ್ಲುವ ಒಂದು ಮೋಟಾರು ಸೈಕಲ್ಲನ್ನು ಸಹಪಾಠಿಗಳೆಲ್ಲರೂ ಬಲ್ಲರು. ಅದನ್ನು ಕಂಡು ಬಲ್ಲವರಿಗಿಂತ ಕೇಳಿ ಬಲ್ಲವರೇ ಹೆಚ್ಚು. ಅದು ಗೇಟನ್ನು ದಾಟುವುದಕ್ಕೆ ಮುಂಚೆಯೇ ಅದರ ಸದ್ದು ತರಗತಿಯೊಳಗೆ ಹಾಜರಿ ಹೇಳಿರುತ್ತದೆ. ನಮ್ಮ ಇತಿಹಾಸದ ಗುರುಗಳು ಅದಕ್ಕೆ ‘ಶಾಸನ’ ಎಂದು ಹೆಸರಿಟ್ಟಿದ್ದಾರೆ. ಹಳೆಯದು, ಅಲ್ಲಲ್ಲಿ ಸವೆದದ್ದು, ಓದಲು ಕಷ್ಟವಾದದ್ದು, ಆದರೂ ಏನನ್ನೋ ಹೇಳುತ್ತಿರುವುದು ಎಂಬ ಅರ್ಥದಲ್ಲಿ ಇಟ್ಟ ಹೆಸರೆಂದು ನಾನು ಸಂತೋಷದಿಂದಲೇ ಒಪ್ಪಿಕೊಂಡಿದ್ದೇನೆ.

ಆ ಗಾಡಿ ನನ್ನದು. ಸರಿಯಾಗಿ ಹೇಳಬೇಕಾದರೆ ನನ್ನ ಸೋದರಮಾವನದು. 1985ರ ಯೆಜ್ಡಿ ರೋಡ್‌ಕಿಂಗ್. ಅದನ್ನು ರಿಪೇರಿ ಮಾಡಿ ಓಡಿಸತೊಡಗಿದಾಗಿನಿಂದ ನನ್ನನ್ನು ಕೇಳದವರಿಲ್ಲ. “ಗ್ರೀಸಿನ ಇತಿಹಾಸ ಓದಬೇಕಾದವನು ಮೈಗೆಲ್ಲ ಗ್ರೀಸು ಬಳಿದುಕೊಂಡು ಬರುತ್ತೀಯಲ್ಲ, ಇದೆಂಥ ಹುಚ್ಚು?” ಎಂದು ಮಿತ್ರರೊಬ್ಬರು ಕೇಳಿದರು. “ಅಷ್ಟು ದುಡ್ಡಿಗೆ ಕಂತಿನ ಮೇಲೆ ಹೊಸ ಗಾಡಿಯೇ ಬರುತ್ತಿತ್ತು” ಎಂದರು ಮತ್ತೊಬ್ಬರು. ಇವರಿಗೆಲ್ಲ ಮರದ ಕೆಳಗೆ ನಿಂತು ತುಂಡು ತುಂಡಾಗಿ ಉತ್ತರ ಕೊಟ್ಟು ಸಾಕಾಗಿದೆ. ಆದುದರಿಂದ ಈ ವರ್ಷದ ಸಂಚಿಕೆಯಲ್ಲಿ ಸಂಪಾದಕರು ಕೊಟ್ಟ ಈ ಕೆಲವು ಪುಟಗಳಲ್ಲಿ ಒಮ್ಮೆಗೇ ಉತ್ತರ ಕೊಟ್ಟುಬಿಡಬೇಕೆಂದಿದ್ದೇನೆ. ಉತ್ತರದ ಜೊತೆಗೆ ನನ್ನದೊಂದು ತಪ್ಪೊಪ್ಪಿಗೆಯೂ ಇದೆ. ಅದು ಮುಂದೆ ಬರುತ್ತದೆ.

ಮೊದಲು ಈ ಗಾಡಿಯ ಕುಲಗೋತ್ರ. ಚೆಕ್ ದೇಶದ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತನು 1929ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರು ಸೈಕಲ್ಲಿನ ವಿನ್ಯಾಸವನ್ನು ಕೊಂಡು ತನ್ನ ಹೆಸರಿನ ಮೊದಲೆರಡು ಅಕ್ಷರಗಳನ್ನೂ ಆ ಸಂಸ್ಥೆಯ ಹೆಸರಿನ ಮೊದಲೆರಡು ಅಕ್ಷರಗಳನ್ನೂ ಕೂಡಿಸಿ ‘ಜಾವಾ’ ಎಂಬ ಹೆಸರನ್ನು ಮಾಡಿದನು. ಆ ಜಾವಾ ನಮ್ಮ ಮೈಸೂರಿಗೆ ಬಂದದ್ದು 1960ರಲ್ಲಿ ಸ್ಥಾಪಿತವಾದ ಐಡಿಯಲ್ ಜಾವಾ ಸಂಸ್ಥೆಯ ಮೂಲಕ. 1961ರಿಂದ ಯಾದವಗಿರಿಯ ಕಾರ್ಖಾನೆಯಲ್ಲಿ ಗಾಡಿಗಳು ತಯಾರಾಗತೊಡಗಿದವು. 1973ರಿಂದ ಅವುಗಳಿಗೆ ‘ಯೆಜ್ಡಿ’ ಎಂಬ ಹೆಸರು ಬಂತು. 1978ರಲ್ಲಿ ರೋಡ್‌ಕಿಂಗ್ ಬಂತು. ಒಂದೇ ಸಿಲಿಂಡರು, ಇನ್ನೂರೈವತ್ತು ಸಿ.ಸಿ., ಎರಡು ಹೊಡೆತದ ಎಂಜಿನ್ನು, ಹದಿನಾರು ಕುದುರೆಗಳ ಶಕ್ತಿ. ಇಂದಿನ ಲೆಕ್ಕದಲ್ಲಿ ಇದು ದೊಡ್ಡದಲ್ಲ. ಆದರೆ ಆ ಕಾಲದಲ್ಲಿ ಹುಡುಗರ ಎದೆ ಬಡಿತವನ್ನು ಹೆಚ್ಚಿಸುತ್ತಿದ್ದ ವೇಗದ ಗಾಡಿ ಇದು. ಮದರಾಸಿನ ಬಳಿಯ ಶೋಳಾವರದಲ್ಲಿ ಹಳೆಯ ವಿಮಾನಗಳ ಓಡುದಾರಿಯ ಮೇಲೆ ನಡೆಯುತ್ತಿದ್ದ ಪಂದ್ಯಗಳಲ್ಲಿ ಯೆಜ್ಡಿಗಳು ಓಡಿದ್ದುಂಟು. ಎಂಬತ್ತರ ದಶಕದ ನಡುವಿನಲ್ಲಿ ಜಪಾನಿನ ಸಹಯೋಗದ ನೂರು ಸಿ.ಸಿ. ಗಾಡಿಗಳು ಬಂದವು. ಅವು ಹಗುರ, ಪೆಟ್ರೋಲನ್ನು ಕಡಿಮೆ ಕುಡಿಯುವಂಥವು. ಜನ ಅತ್ತ ತಿರುಗಿದರು. 1996ರಲ್ಲಿ ಯಾದವಗಿರಿಯ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಎಂಬ ಹೆಸರೂ 2022ರಲ್ಲಿ ಯೆಜ್ಡಿ ಎಂಬ ಹೆಸರೂ ಹೊಸ ಗಾಡಿಗಳ ಮೇಲೆ ಮರಳಿ ಬಂದಿವೆ. ಆದರೆ ಅವು ಬೇರೆ ಎಂಜಿನ್ನಿನ ಬೇರೆ ಗಾಡಿಗಳು. ಹಳೆಯದಕ್ಕೆ ಬೇಕಾದ ಪಿಸ್ಟನ್ನು ಅವುಗಳಲ್ಲಿ ಸಿಕ್ಕುವುದಿಲ್ಲ.

ನನ್ನ ಮಾವ ಪಶುವೈದ್ಯ ಇಲಾಖೆಯಲ್ಲಿ ಕಾಂಪೌಂಡರಾಗಿದ್ದವರು. ನಂಜನಗೂಡು ಸೀಮೆಯ ಹಳ್ಳಿಗಳಲ್ಲಿ ಈನುತ್ತಿರುವ ಎಮ್ಮೆ, ಕಾಲುಬಾಯಿ ಜ್ವರದ ಎತ್ತು ಎಂದರೆ ಅಪರಾತ್ರಿಯಲ್ಲೂ ಇದೇ ಗಾಡಿಯಲ್ಲಿ ಹೊರಡುತ್ತಿದ್ದರು. ಇದರಲ್ಲೊಂದು ವಿಶೇಷವುಂಟು. ಗಾಡಿಯನ್ನು ಚಾಲೂ ಮಾಡುವ ಕಿಕ್ಕರೂ ಗೇರು ಹಾಕುವ ಸನ್ನೆಯೂ ಒಂದೇ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರು. ತುಳಿದ ಮೇಲೆ ಸ್ವಸ್ಥಾನಕ್ಕೆ ಬಂದರೆ ಅದೇ ಗೇರು. ಮಕ್ಕಳಾಗಿದ್ದ ನಮಗೆ ಇದೊಂದು ಗಾರುಡಿ ವಿದ್ಯೆಯಾಗಿ ಕಾಣುತ್ತಿತ್ತೆಂದು ನನ್ನ ಅಕ್ಕ ಹೇಳುತ್ತಾಳೆ. ನಾನು ನೋಡುವ ಹೊತ್ತಿಗೆ ಗಾಡಿ ನಿಂತುಹೋಗಿತ್ತು. 2004ರಲ್ಲಿ ಮಾವನ ಮೊಣಕಾಲು ನೋವು ಹೆಚ್ಚಾಯಿತು, ಬಿಡಿಭಾಗಗಳೂ ಸಿಕ್ಕದಾದವು. ಗಾಡಿ ಕೊಟ್ಟಿಗೆಯ ಮೂಲೆ ಸೇರಿತು. ಮೇಲೆ ಒಂದು ಗೋಣಿತಾಟು, ಅದರ ಮೇಲೆ ಕೋಳಿಗಳು.

ಎರಡು ವರ್ಷಗಳ ಹಿಂದಿನ ಬೇಸಿಗೆಯ ರಜೆಯಲ್ಲಿ ಗುಜರಿಯವನೊಬ್ಬ ಊರಿಗೆ ಬಂದು ತೂಕದ ಲೆಕ್ಕದಲ್ಲಿ ಗಾಡಿಯನ್ನು ಕೇಳಿದ. ಮಾವ ಉತ್ತರ ಕೊಡಲಿಲ್ಲ, ಬೇಡವೆಂದೂ ಹೇಳಲಿಲ್ಲ. ನಾನು ನಡುವೆ ಬಾಯಿ ಹಾಕಿ, “ಮಾವ, ನನಗೆ ಕೊಡಿ, ನಾನು ಸರಿ ಮಾಡಿಸ್ತೀನಿ” ಎಂದೆ. ಮಾವ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, “ತಗೊಂಡು ಹೋಗು. ಆದರೆ ಸರಿ ಮಾಡಿಸೋದು ಬೇರೆ, ಇಟ್ಕೊಳ್ಳೋದು ಬೇರೆ, ನೆನಪಿರ್ಲಿ” ಎಂದರು. ಆ ಮಾತು ಆಗ ನನ್ನ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದು ಕಿವಿಯಲ್ಲಿ ಹೊರಟುಹೋಯಿತು.

ಮದುವೆಮನೆಗಳಲ್ಲಿ ಬಡಿಸಿ ಕೂಡಿಸಿದ್ದ ಹಣ ನನ್ನ ಬಳಿ ಸ್ವಲ್ಪ ಇತ್ತು. ಮೈಸೂರಿನ ಮಂಡಿ ಮೊಹಲ್ಲಾದ ಒಂದು ಗಲ್ಲಿಯಲ್ಲಿ ಜಾವಾ, ಯೆಜ್ಡಿಗಳನ್ನು ಮಾತ್ರ ಮುಟ್ಟುವ ವಯಸ್ಸಾದ ಉಸ್ತಾದರೊಬ್ಬರಿದ್ದಾರೆ. ಗಾಡಿಯನ್ನು ಅವರ ಮುಂದೆ ಇಳಿಸಿ ನನ್ನ ಆಸೆಗಳ ಪಟ್ಟಿಯನ್ನು ಒಪ್ಪಿಸಿದೆ. ಟ್ಯಾಂಕಿಗೆ ಹೊಳೆಯುವ ಕೆಂಪು ಬಣ್ಣ, ರಿಮ್ಮುಗಳಿಗೆ ಕ್ರೋಮು, ಉದ್ದದ ಸೀಟನ್ನು ಕತ್ತರಿಸಿ ಒಂಟಿ ಸೀಟು, ಹಿಂದಿನ ಮಡ್‌ಗಾರ್ಡು ತೆಗೆದುಹಾಕುವುದು. ಉಸ್ತಾದರು ಎಲ್ಲವನ್ನೂ ಕೇಳಿಸಿಕೊಂಡು, “ನೋಡಪ್ಪ, ಸತ್ತವನಿಗೆ ಸೂಟು ಹೊಲಿಸ್ತೀನಿ ಅಂತೀಯ. ಮೊದಲು ಉಸಿರು ಬರ್ಲಿ” ಎಂದರು.

ಉಸಿರು ತರಿಸುವ ಕೆಲಸ ಮೂರು ತಿಂಗಳು ಹಿಡಿಯಿತು. ಶನಿವಾರ, ಭಾನುವಾರ ನಾನೂ ಹೋಗಿ ಕುಳಿತು ಸ್ಪ್ಯಾನರು ಕೊಡುವುದು, ಸೀಮೆಎಣ್ಣೆಯಲ್ಲಿ ಭಾಗಗಳನ್ನು ತೊಳೆಯುವುದು, ಬೈಗುಳ ತಿನ್ನುವುದು, ಈ ಮೂರನ್ನೂ ಮಾಡಿದೆ. ಟ್ಯಾಂಕಿನೊಳಗೆ ತುಕ್ಕು ಹೊಟ್ಟಿನಂತೆ ಉದುರುತ್ತಿತ್ತು. ಹಳೆಯ ನಟ್ಟುಗಳನ್ನೂ ಸೀಮೆಎಣ್ಣೆಯನ್ನೂ ಒಳಗೆ ಹಾಕಿ, ಬಾಯಿ ಮುಚ್ಚಿ, ಇಬ್ಬರು ಹಿಡಿದು ಅರ್ಧ ಗಂಟೆ ಕುಲುಕಿದೆವು. ಹಾಗೆ ನಾಲ್ಕು ಸಲ ಮಾಡಿದ ಮೇಲೆ ಒಳಗಿನ ತಗಡು ಕಂಡಿತು. ಎರಡು ಸೈಲೆನ್ಸರುಗಳಲ್ಲಿಯೂ ಇಂಗಾಲ ಕಟ್ಟಿ ಕಲ್ಲಾಗಿತ್ತು. ಎರಡು ಹೊಡೆತದ ಎಂಜಿನ್ನಿನಲ್ಲಿ ಎಣ್ಣೆಯೂ ಪೆಟ್ರೋಲಿನೊಂದಿಗೆ ಉರಿಯುವುದರಿಂದ ಹೊಗೆಯ ದಾರಿಯಲ್ಲಿ ಮಸಿ ಕಟ್ಟುವುದು ಸಹಜ. ಅದನ್ನು ಆಗಾಗ ಕೆರೆದು ತೆಗೆಯದಿದ್ದರೆ ಎಂಜಿನ್ನಿಗೆ ಹೊರಕ್ಕೆ ಉಸಿರಾಡಲು ಆಗುವುದಿಲ್ಲ. ಕ್ರ್ಯಾಂಕಿನ ಎರಡು ಬದಿಯ ರಬ್ಬರು ಸೀಲುಗಳು ಒಣಗಿ ಬಿರಿದಿದ್ದವು. ಒಂದು ಬದಿಯ ಸೀಲು ಹೋದರೆ ಹೊರಗಿನ ಗಾಳಿ ಒಳಕ್ಕೆ ನುಗ್ಗಿ ಮಿಶ್ರಣ ತೆಳುವಾಗುತ್ತದೆ. ಇನ್ನೊಂದು ಬದಿಯದು ಹೋದರೆ ಗೇರಿನ ಎಣ್ಣೆ ಎಂಜಿನ್ನಿಗೆ ಇಳಿದು ಬಿಳಿಯ ಹೊಗೆ ಬರುತ್ತದೆ. ಹೊಗೆಯ ಬಣ್ಣವನ್ನು ನೋಡಿಯೇ ಉಸ್ತಾದರು ಇಷ್ಟನ್ನೂ ಹೇಳಬಲ್ಲರು. ನಾಡಿ ನೋಡುವ ಪಂಡಿತರ ಬಗೆಗೆ ಕೇಳಿದ್ದೆ. ಹೊಗೆ ನೋಡುವ ಪಂಡಿತರನ್ನು ಅಲ್ಲಿ ಕಂಡೆ.

ಬಣ್ಣದ ವಿಷಯಕ್ಕೆ ಬಂದಾಗ ಅವರು ಟ್ಯಾಂಕಿನ ಬಲಗಡೆ ಬೆರಳಿಟ್ಟು ತೋರಿಸಿದರು. ಅಲ್ಲಿ ಅಂಗೈಯಗಲ ಬಣ್ಣ ಸವೆದು ತಗಡು ಮಿನುಗುತ್ತಿತ್ತು. ಇಪ್ಪತ್ತು ವರ್ಷಗಳ ಕಾಲ ಮಾವನ ಮೊಣಕಾಲು ಉಜ್ಜಿದ ಜಾಗ ಅದು. “ಇದಕ್ಕೂ ಬಣ್ಣ ಹೊಡೀಲಾ?” ಎಂದರು. ನಾನು ಬೇಡವೆಂದೆ. ತುಕ್ಕು ಹಬ್ಬದಂತೆ ಅಲ್ಲಿಗೆ ಬಣ್ಣವಿಲ್ಲದ ಮೆರುಗೆಣ್ಣೆಯನ್ನು ಮಾತ್ರ ಬಳಿದೆವು. ಸೀಟು ಹಾಗೆಯೇ ಉಳಿಯಿತು. ಮಡ್‌ಗಾರ್ಡೂ ಉಳಿಯಿತು. ಗಾಡಿ ಒಂದೇ ತುಳಿತಕ್ಕೆ ಎದ್ದ ದಿನ ಗಲ್ಲಿಯ ಹುಡುಗರೆಲ್ಲ ಚಪ್ಪಾಳೆ ಹೊಡೆದರು. ಸಾರಿಗೆ ಕಚೇರಿಯಲ್ಲಿ ಎಂದೋ ಮುಗಿದಿದ್ದ ನೋಂದಣಿಯನ್ನು ದಂಡ ಕಟ್ಟಿ, ಪರೀಕ್ಷೆ ಮಾಡಿಸಿ, ಹೊಸದಾಗಿ ಪಡೆದೆ. ಕಾಲೇಜಿನಲ್ಲಿ ಎರಡು ವಾರ ನಾನೇ ನಾಯಕ.

ಇಲ್ಲಿಗೆ ನನ್ನ ಕಥೆ ಮುಗಿದಿದ್ದರೆ ಈ ಲೇಖನಕ್ಕೆ ಕಾರಣವಿರುತ್ತಿರಲಿಲ್ಲ. ಈಗ ತಪ್ಪೊಪ್ಪಿಗೆ.

ಮೂರನೆಯ ವಾರದಲ್ಲಿ ಊರಿಗೆ ಹೊರಟೆ. ಬಂಕಿನಲ್ಲಿ ನಾಲ್ಕೈದು ಮಂದಿ ಗಾಡಿಯನ್ನು ಸುತ್ತುವರಿದು ಅದರ ಗುಣಗಾನ ಮಾಡತೊಡಗಿದರು. ನಾನು ಕಿಕ್ಕರಿನ ಗಾರುಡಿಯನ್ನು ತೋರಿಸುತ್ತ, ಯಾದವಗಿರಿಯ ಇತಿಹಾಸವನ್ನು ಹೇಳುತ್ತ ಆರು ಲೀಟರು ಪೆಟ್ರೋಲು ಹಾಕಿಸಿಕೊಂಡು ಹೊರಟುಬಿಟ್ಟೆ. ಎಣ್ಣೆ ಹಾಕುವುದನ್ನು ಮರೆತೆ. ಈ ಜಾತಿಯ ಎಂಜಿನ್ನಿನಲ್ಲಿ ಪಿಸ್ಟನ್ನಿಗೂ ಕ್ರ್ಯಾಂಕಿನ ಬೇರಿಂಗುಗಳಿಗೂ ಬೇರೆ ಎಣ್ಣೆಯ ಏರ್ಪಾಡಿಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಅವುಗಳ ಪ್ರಾಣ. ನಾನು ಲೀಟರಿಗೆ 40 ಮಿಲಿಲೀಟರು ಬೆರೆಸುತ್ತಿದ್ದೆ. ಹಿಂದಿನ ಕಾಲದಲ್ಲಿ ಬಂಕುಗಳಲ್ಲಿ 2ಟಿ ಎಣ್ಣೆಯ ಯಂತ್ರವೇ ನಿಂತಿರುತ್ತಿತ್ತಂತೆ. ಬಂಕಿನವನೇ ಕೇಳಿ ಹಾಕುತ್ತಿದ್ದನಂತೆ. ಈಗ ಕೇಳುವವರಿಲ್ಲ, ನೆನಪಿಡಬೇಕಾದವನು ಸವಾರನೇ. ಟ್ಯಾಂಕಿನಲ್ಲಿ ಉಳಿದಿದ್ದ ಹಳೆಯ ಮಿಶ್ರಣದ ಪುಣ್ಯದಿಂದ ಒಂದಷ್ಟು ದೂರ ಓಡಿತು. ಕಡಕೊಳದ ಹತ್ತಿರ, ಒಳ್ಳೆಯ ವೇಗದಲ್ಲಿದ್ದಾಗ, ಎಂಜಿನ್ನಿನ ದನಿ ಒಮ್ಮೆ ಬಿಗಿಯಿತು. ಅದು ಸೂಚನೆಯೆಂದು ತಿಳಿಯುವಷ್ಟರಲ್ಲಿ ಹಿಂದಿನ ಚಕ್ರ ಕಚ್ಚಿ ನಿಂತಿತು. ತಕ್ಷಣ ಕ್ಲಚ್ಚು ಹಿಡಿದಿದ್ದರೆ ಗಾಡಿ ಉರುಳಿಕೊಂಡು ಹೋಗಿ ನಿಲ್ಲುತ್ತಿತ್ತು. ಹಿಡಿಯಲಿಲ್ಲ. ಗಾಡಿಯೊಂದಿಗೆ ನಾನೂ ರಸ್ತೆಯ ಬದಿಗೆ ಬಿದ್ದೆ. ಹಿಂದೆ ಬರುತ್ತಿದ್ದ ಲಾರಿಯವನು ಬ್ರೇಕು ಹಾಕಿದ್ದರಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಪಿಸ್ಟನ್ನು ಕಾದು ಹಿಗ್ಗಿ ಸಿಲಿಂಡರಿನ ಕಬ್ಬಿಣದ ಒಳಮೈಯನ್ನು ಕಚ್ಚಿ ಉದ್ದುದ್ದಕ್ಕೆ ಗೀರಿತ್ತು. ಲೇತಿನಲ್ಲಿ ಕೊರೆಸಿ ಒಂದಳತೆ ದೊಡ್ಡ ಪಿಸ್ಟನ್ನನ್ನು ಹಾಕದೆ ಬೇರೆ ದಾರಿಯಿರಲಿಲ್ಲ. ಹೀಗೆ ಕೊರೆಸುವುದಕ್ಕೂ ಒಂದು ಮಿತಿಯುಂಟು. ಒಂದೊಂದು ಕೊರೆತಕ್ಕೂ ಕಾಲು ಮಿಲಿಮೀಟರಿನಷ್ಟೋ ಅರ್ಧ ಮಿಲಿಮೀಟರಿನಷ್ಟೋ ಸಿಲಿಂಡರಿನ ಆಯುಷ್ಯ ಕಳೆಯುತ್ತದೆ. ಇಪ್ಪತ್ತು ವರ್ಷ ಓಡಿಸಿದರೂ ಮಾವ ಅದನ್ನು ಒಮ್ಮೆ ಮಾತ್ರ ಕೊರೆಸಿದ್ದರು. ನಾನು ಮೂರು ವಾರದಲ್ಲಿ ಅದೇ ಕೆಲಸಕ್ಕೆ ಬಂದಿದ್ದೆ.

ಮಾವನಿಗೆ ಹೇಳುವ ಧೈರ್ಯ ನನಗಿರಲಿಲ್ಲ, ಅಮ್ಮ ಹೇಳಿದಳು. ಬೈಗುಳವನ್ನು ನಿರೀಕ್ಷಿಸುತ್ತ ಕುಳಿತಿದ್ದೆ. ಮುಂದಿನ ಭಾನುವಾರ ಮಾವ ಬಸ್ಸಿನಲ್ಲಿ ಬಂದು, ಕುಂಟುತ್ತ ಆ ಗಲ್ಲಿಯವರೆಗೂ ನಡೆದು, ಉಸ್ತಾದರ ಮುಂದೆ ಒಂದು ಬಟ್ಟೆಯ ಚೀಲವನ್ನು ಇಟ್ಟರು. ಅದರಲ್ಲಿ ಮೂರು ಪದಾರ್ಥಗಳಿದ್ದವು. ಎಲೆ ಎಲೆಯಾದ ಒಂದು ಫೀಲರ್ ಗೇಜು. ಔಷಧಿಯನ್ನು ಅಳೆಯುವ, ಗೆರೆಗಳಿದ್ದ ಗಾಜಿನ ಲೋಟ. ಉದ್ದನೆಯ, ರಟ್ಟು ಕಟ್ಟಿದ ಒಂದು ಲೆಕ್ಕದ ಪುಸ್ತಕ. ಲೋಟ ಎಣ್ಣೆ ಅಳೆಯುವುದಕ್ಕೆ. ಪುಸ್ತಕದಲ್ಲಿ 1985ರಿಂದ 2004ರವರೆಗೆ ಆ ಗಾಡಿಯ ದಿನಚರಿಯೆಲ್ಲ ಇತ್ತು. ಎಷ್ಟು ಪೆಟ್ರೋಲು, ಎಷ್ಟು ಎಣ್ಣೆ, ಎಷ್ಟು ಕಿಲೋಮೀಟರು, ಪ್ಲಗ್ಗು ಎಂದು ಬದಲಾಯಿಸಿದ್ದು, ಸೈಲೆನ್ಸರಿನ ಮಸಿ ಎಂದು ತೆಗೆದದ್ದು, ಪಾಯಿಂಟಿನ ಸಂದನ್ನು 0.4 ಮಿಲಿಮೀಟರಿಗೆ ಎಂದು ಹೊಂದಿಸಿದ್ದು. ನಡುನಡುವೆ ಯಾವ ಹಳ್ಳಿ, ಯಾರ ಮನೆಯ ಯಾವ ದನ ಎಂಬ ಟಿಪ್ಪಣಿಯೂ ಉಂಟು.

“ಇದು ಇತ್ತು ಅಂತ ನನಗೆ ಹೇಳಲೇ ಇಲ್ಲವಲ್ಲ, ಮಾವ” ಎಂದೆ.

“ನೀನು ಕೇಳಲಿಲ್ಲವಲ್ಲೋ” ಎಂದರು.

ಸಹಪಾಠಿಗಳೇ, ನಾನು ಇತಿಹಾಸದ ವಿದ್ಯಾರ್ಥಿ. ಆಕರಗಳನ್ನು ನೋಡದೆ ಇತಿಹಾಸವನ್ನು ಬರೆಯಬಾರದೆಂದು ಮೂರು ವರ್ಷಗಳಿಂದ ಪಾಠ ಕೇಳುತ್ತಿರುವವನು. ಬಂಕಿನಲ್ಲಿ ನಿಂತು ಯಾದವಗಿರಿಯ ಕಥೆ ಹೇಳಬಲ್ಲ ನನಗೆ, ಇದೇ ಗಾಡಿಯನ್ನು ಇಪ್ಪತ್ತು ವರ್ಷ ಹೇಗೆ ಇಟ್ಟುಕೊಂಡಿರಿ ಎಂದು ಮನೆಯಲ್ಲೇ ಇದ್ದ ಮನುಷ್ಯನನ್ನು ಕೇಳಬೇಕೆಂದು ತೋಚಲಿಲ್ಲ. ನನಗೆ ಬೇಕಾಗಿದ್ದದ್ದು ಜೀರ್ಣೋದ್ಧಾರ; ಅದರ ಚಪ್ಪಾಳೆ. ಇಟ್ಟುಕೊಳ್ಳುವುದು ಬೇರೊಂದು ವಿದ್ಯೆಯೆಂದು ಮಾವ ಮೊದಲ ದಿನವೇ ಹೇಳಿದ್ದರು.

ಇದೇ ಈ ಲೇಖನದ ತಿರುಳು. ಹಳೆಯ ಗಾಡಿಯನ್ನು ಎಬ್ಬಿಸಿ ನಿಲ್ಲಿಸುವುದು ಮೂರು ತಿಂಗಳ ಉತ್ಸಾಹ. ಅದನ್ನು ಕಾಪಾಡುವುದು ಮುಗಿಯದ ಶಿಸ್ತು. ಮೊದಲನೆಯದಕ್ಕೆ ಜನ ಸೇರುತ್ತಾರೆ. ಎರಡನೆಯದನ್ನು ಯಾರೂ ನೋಡುವುದಿಲ್ಲ. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಎಂಬ ಗಾದೆ ನಮ್ಮ ಹಿರಿಯರಿಗೆ ಸುಮ್ಮನೆ ಹೊಳೆದದ್ದಲ್ಲ. ನಮ್ಮ ನಾಡಿನ ದಾನಶಾಸನಗಳ ಕೊನೆಯಲ್ಲಿ ಬರುವ ಶ್ಲೋಕಗಳನ್ನು ನೆನಪಿಸಿಕೊಳ್ಳಿ. ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ಅವು ಮತ್ತೆ ಮತ್ತೆ ಕಾಣುತ್ತವೆ. ದಾನ ಕೊಡುವುದು, ಕೊಟ್ಟ ದಾನವನ್ನು ಪಾಲಿಸುವುದು, ಇವೆರಡರಲ್ಲಿ ಪಾಲಿಸುವುದೇ ಹೆಚ್ಚಿನದೆಂದು ಅವು ಸಾರುತ್ತವೆ. ಪರೀಕ್ಷೆಗಾಗಿ ಈ ಮಾತನ್ನು ಉರು ಹೊಡೆದಿದ್ದೆ. ಅದರ ಅರ್ಥ ತಿಳಿದದ್ದು ಕಡಕೊಳದ ರಸ್ತೆಯ ಬದಿಯಲ್ಲಿ, ಮೊಣಕಾಲಿನ ರಕ್ತವನ್ನು ಒರೆಸಿಕೊಳ್ಳುವಾಗ.

ಇನ್ನು ಆಕ್ಷೇಪಗಳಿಗೆ ಬರುತ್ತೇನೆ. ಅವು ಸುಳ್ಳಲ್ಲ.

ಹೊಗೆಯ ಆಕ್ಷೇಪ ಎಲ್ಲಕ್ಕಿಂತ ದೊಡ್ಡದು. ಎರಡು ಹೊಡೆತದ ಎಂಜಿನ್ನಿನಲ್ಲಿ ಹೊಸ ಮಿಶ್ರಣ ಒಳಗೆ ಬರುವ ಹೊತ್ತಿಗೆ ಹೊಗೆಯ ಬಾಗಿಲೂ ತೆರೆದೇ ಇರುತ್ತದೆ. ಆದುದರಿಂದ ಸ್ವಲ್ಪ ಪೆಟ್ರೋಲು ಉರಿಯದೆಯೇ ಹೊರಕ್ಕೆ ಹೋಗುತ್ತದೆ. ಈ ದೋಷ ಅದರ ಹುಟ್ಟಿನಲ್ಲೇ ಇದೆ. ಯಾವ ಉಸ್ತಾದರೂ ಇದನ್ನು ತೆಗೆಯಲಾರರು. ನಾಡಿನ ಎಲ್ಲರೂ ಮತ್ತೆ ಇಂಥ ಗಾಡಿಗಳನ್ನು ಓಡಿಸಲಿ ಎಂದು ನಾನು ಹೇಳುವುದಾದರೆ ನನ್ನನ್ನು ಕಾಲೇಜಿನಿಂದ ಹೊರಗೆ ಹಾಕಬಹುದು. ಆದರೆ ಸೀಲು ಹೋಗಿ, ಅಂದಾಜಿನಲ್ಲಿ ಎಣ್ಣೆ ಸುರಿದ ಗಾಡಿಯ ಹೊಗೆ ಒಂದು. ಸರಿಯಾಗಿ ಅಳೆದು, ಮಸಿ ತೆಗೆದು, ಕಾರ್ಬುರೇಟರು ಹೊಂದಿಸಿದ ಗಾಡಿಯ ಹೊಗೆ ಇನ್ನೊಂದು. ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಹಳೆಯದನ್ನು ಇಟ್ಟುಕೊಳ್ಳುವವನಿಗೆ ಅದರ ದೋಷವನ್ನು ಆದಷ್ಟು ಕಡಿಮೆಯಲ್ಲಿಡುವ ಹೊಣೆಯೂ ಉಂಟು. ಆ ಹೊಣೆ ಹೊರಲು ಒಲ್ಲದವನು ಗುಜರಿಯವನಿಗೆ ಕೊಡುವುದೇ ಲೇಸು.

ಎರಡನೆಯದು ಪೆಟ್ರೋಲು. ಶೇಕಡ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲು 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಅದರ ಉದ್ದೇಶ ಒಳ್ಳೆಯದಿರಬಹುದು. ಆದರೆ ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ. ನೀರು ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿದರೆ ತುಕ್ಕು ಮತ್ತೆ ಹುಟ್ಟುತ್ತದೆ. ಈ ಗಾಡಿ ಹುಟ್ಟಿದಾಗ ಇಂಥ ಪೆಟ್ರೋಲಿನ ಕಲ್ಪನೆಯೇ ಇರಲಿಲ್ಲ. ಪೆಟ್ರೋಲಿನ ಕೊಳವೆಯನ್ನು ಬದಲಾಯಿಸಿದ್ದೇನೆ. ರಜೆಯಲ್ಲಿ ಗಾಡಿ ನಿಲ್ಲುವುದಾದರೆ ಟ್ಯಾಂಕನ್ನೂ ಕಾರ್ಬುರೇಟರನ್ನೂ ಬರಿದು ಮಾಡಿ ನಿಲ್ಲಿಸುತ್ತೇನೆ. ಇದಕ್ಕಿಂತ ಒಳ್ಳೆಯ ಉಪಾಯವೆಂದರೆ ದಿನವೂ ಓಡಿಸುವುದು. ಓಡುವ ಗಾಡಿಯಲ್ಲಿ ಪೆಟ್ರೋಲು ಹಳಸುವುದಿಲ್ಲ, ಸೀಲು ಒಣಗುವುದಿಲ್ಲ.

ಇಲ್ಲಿಯೇ ಕಾನೂನಿನ ಒಂದು ಸ್ವಾರಸ್ಯವನ್ನೂ ಹೇಳಬೇಕು. 2021ರ ನಿಯಮಗಳ ಪ್ರಕಾರ 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನಕ್ಕೆ ‘ವಿಂಟೇಜ್’ ಎಂಬ ಮರ್ಯಾದೆ ಸಿಕ್ಕುತ್ತದೆ. ರೋಡ್‌ಕಿಂಗ್‌ಗಳಲ್ಲಿ ಮೊಟ್ಟಮೊದಲಿನದಕ್ಕೂ 2028ರವರೆಗೆ ಆ ಯೋಗವಿಲ್ಲ. ಮಾವನ ಗಾಡಿಗೆ 2035ರವರೆಗೆ ಇಲ್ಲ. ಆದರೆ ಆ ಮರ್ಯಾದೆ ಸಿಕ್ಕಿದ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನಕ್ಕೆ, ಮೆರವಣಿಗೆಗೆ ಕೊಂಡೊಯ್ಯಬಹುದು. ಅಂದರೆ ಕೆಲಸ ಬಿಟ್ಟ ಮೇಲೆ ಸನ್ಮಾನ. ಹದಿನೈದು ವರ್ಷ ದಾಟಿದ ಸಾಮಾನ್ಯ ಗಾಡಿಯಾಗಿಯೇ ಉಳಿದು ಐದು ವರ್ಷಕ್ಕೊಮ್ಮೆ ಪರೀಕ್ಷೆಗೆ ನಿಲ್ಲುವುದೇ ನನಗೆ ಹೆಚ್ಚು ಇಷ್ಟ. ಮೂರು ವರ್ಷಗಳಿಂದ ಪರೀಕ್ಷೆಗೆ ನಿಲ್ಲುತ್ತಿರುವ ನನಗೆ ಅದರ ಕಷ್ಟ ಗೊತ್ತು. ಆದರೂ ಪರೀಕ್ಷೆಗೆ ನಿಲ್ಲುವವನು ಇನ್ನೂ ಬದುಕಿನಲ್ಲಿದ್ದಾನೆ ಎಂದರ್ಥ.

ಮೂರನೆಯದು ಖರ್ಚು. ಇದಕ್ಕೆ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ. ಲೀಟರಿಗೆ 30 ಕಿಲೋಮೀಟರು ಬಂದರೆ ಪುಣ್ಯ. ಬಿಡಿಭಾಗಗಳಲ್ಲಿ ಅಸಲಿಗಿಂತ ನಕಲಿಯೇ ಹೆಚ್ಚು. ನಕಲಿ ಪಾಯಿಂಟು ಎರಡು ತಿಂಗಳಿಗೆ ಸುಟ್ಟುಹೋಗುತ್ತದೆ. ನಾನು ಮಾಡಿದ ಖರ್ಚನ್ನು ಗಾಡಿಯ ಬೆಲೆಯಲ್ಲಿ ಹಿಂದಕ್ಕೆ ಪಡೆಯುವ ಲೆಕ್ಕ ಹಾಕಿದರೆ ನಷ್ಟವೇ ಸರಿ. ಆದರೆ ಈ ಎರಡು ವರ್ಷಗಳಲ್ಲಿ ನಾನು ಕಲಿತದ್ದನ್ನು ಬೇರೆ ಯಾವ ಶುಲ್ಕ ಕಟ್ಟಿ ಎಲ್ಲಿ ಕಲಿಯಬಹುದಾಗಿತ್ತು? ಒಂದು ವಸ್ತು ಏಕೆ ಕೆಟ್ಟಿತೆಂಬುದನ್ನು ಊಹೆಯಿಂದಲ್ಲದೆ ಸಾಕ್ಷಿಯಿಂದ ತಿಳಿಯುವುದು, ಒಂದು ಬಾರಿಗೆ ಒಂದನ್ನೇ ಬದಲಾಯಿಸಿ ನೋಡುವುದು, ಗೊತ್ತಿಲ್ಲದ್ದನ್ನು ಬಲ್ಲವರ ಬಳಿ ಕುಳಿತು ಕೇಳುವುದು, ಕೇಳಿದ್ದನ್ನು ಬರೆದಿಡುವುದು. ಇವು ಕಲಾ ವಿದ್ಯಾರ್ಥಿಗೆ ಬೇಡದ ಗುಣಗಳೆಂದು ಹೇಳುವ ಅಧ್ಯಾಪಕರು ನಮ್ಮಲ್ಲಿ ಯಾರೂ ಇಲ್ಲ.

ಬರೆದಿಡುವುದು ಎಂದಾಗ ನನ್ನದೊಂದು ಸೂಚನೆಯುಂಟು. ಕೈಕೆಲಸ ಬಲ್ಲ ನಮ್ಮ ಉಸ್ತಾದರಂಥವರು ದಿನದಿನಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರ ಮಕ್ಕಳು ಬೇರೆ ಉದ್ಯೋಗ ಹಿಡಿದಿದ್ದಾರೆ, ಅದು ತಪ್ಪಲ್ಲ. ಆದರೆ ಹೊಗೆಯನ್ನು ಓದುವ ವಿದ್ಯೆ, ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿ ಬೇರಿಂಗಿನ ದನಿಯನ್ನು ಕೇಳುವ ವಿದ್ಯೆ ಯಾವ ಪುಸ್ತಕದಲ್ಲಿಯೂ ಈ ಕೈಗಳಲ್ಲಿರುವಷ್ಟು ಇಲ್ಲ. ನಮ್ಮ ಕನ್ನಡ ವಿಭಾಗದವರೂ ಇತಿಹಾಸ ವಿಭಾಗದವರೂ ವರ್ಷಕ್ಕೊಮ್ಮೆ ಶಾಸನ ನೋಡಲು ಪ್ರವಾಸ ಹೋಗುತ್ತೇವೆ. ಒಂದು ದಿನವನ್ನು ಇಂಥ ಗಲ್ಲಿಗಳಿಗೂ ಮೀಸಲಿಡೋಣ. ಒಬ್ಬೊಬ್ಬ ವಿದ್ಯಾರ್ಥಿ ಒಬ್ಬೊಬ್ಬ ಕಸುಬುದಾರರ ಎದುರು ಕುಳಿತು ಅವರ ಮಾತನ್ನು, ಅವರು ಬಳಸುವ ಪದಗಳನ್ನು, ಅವರ ಲೆಕ್ಕಾಚಾರವನ್ನು ಅವರ ಅಪ್ಪಣೆ ಪಡೆದು ಬರೆದುಕೊಳ್ಳಲಿ. ಮುಂದಿನ ವರ್ಷದ ಸಂಚಿಕೆಯಲ್ಲಿ ಅದಕ್ಕಾಗಿ ನಾಲ್ಕು ಪುಟಗಳನ್ನು ಕೊಡಬೇಕೆಂದು ಸಂಪಾದಕರನ್ನು ವಿನಯದಿಂದ ಕೇಳಿಕೊಳ್ಳುತ್ತೇನೆ. ದೊಡ್ಡ ಕೆಲಸವಲ್ಲ, ಆದರೆ ಈಗಲೇ ಮಾಡದಿದ್ದರೆ ಆಮೇಲೆ ಮಾಡಲಾಗದ ಕೆಲಸ.

ಮಾವನ ಲೆಕ್ಕದ ಪುಸ್ತಕ ಈಗ ನನ್ನ ಬಳಿಯಿದೆ. 2004ರ ಕೊನೆಯ ಸಾಲಿನ ಕೆಳಗೆ ಒಂದು ಗೆರೆ ಎಳೆದು ನಾನು ಮುಂದುವರಿಸಿದ್ದೇನೆ. ನನ್ನ ಕೈಬರಹದ ಮೊದಲ ಸಾಲು ಹೀಗಿದೆ: “ಎಣ್ಣೆ ಹಾಕಲು ಮರೆತೆ. ಕಡಕೊಳದಲ್ಲಿ ಪಿಸ್ಟನ್ ಹಿಡಿಯಿತು. ತಪ್ಪು ನನ್ನದು.” ಹೀಗೆ ಬರೆಯಲೇಬೇಕೆಂದು ಮಾವ ಹಠ ಹಿಡಿದರು. ಕಾಯಿಲೆಯನ್ನು ಬಚ್ಚಿಟ್ಟರೆ ದನ ಸಾಯುತ್ತದೆ ಎಂಬುದು ಅವರ ಅನುಭವ. ಆಮೇಲಿನ ಸಾಲುಗಳು ಅಷ್ಟೇನೂ ಸ್ವಾರಸ್ಯವಾಗಿಲ್ಲ. ಪೆಟ್ರೋಲು ನಾಲ್ಕು ಲೀಟರು, ಎಣ್ಣೆ 160 ಮಿಲಿಲೀಟರು. ಚೈನು ಬಿಗಿ ಮಾಡಿದ್ದು. ಪ್ಲಗ್ಗು ಒರೆಸಿದ್ದು. ಮತ್ತೆ ಪೆಟ್ರೋಲು, ಮತ್ತೆ ಎಣ್ಣೆ. ಪುಟದ ಮೇಲೆ ಪುಟ ಹೀಗೆಯೇ. ಓದುವವರಿಗೆ ಬೇಸರವಾಗಬಹುದು. ಆದರೆ ಆ ಬೇಸರದ ಪುಟಗಳಿರುವುದರಿಂದಲೇ ನಾಳೆ ಬೆಳಗ್ಗೆ ಹತ್ತು ಗಂಟೆಗೆ ಹೊಂಗೆಯ ಮರದ ಕೆಳಗೆ ‘ಶಾಸನ’ ಬಂದು ನಿಲ್ಲುತ್ತದೆ.

ಹೋದ ತಿಂಗಳು ಊರಿಗೆ ಹೋದಾಗ ಮಾವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಕಪಿಲಾ ನದಿಯ ಸೇತುವೆಯವರೆಗೂ ಹೋಗಿಬಂದೆ. ಅವರು ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆಯ ಮುಂದೆ ಇಳಿದ ಮೇಲೆ ಬಗ್ಗಿ, ಸೈಲೆನ್ಸರಿನ ಬಾಯಿಗೆ ಬೆರಳು ಹಾಕಿ, ಮಸಿಯನ್ನು ನೋಡಿದರು.

“ಎಣ್ಣೆ ಒಂದು ಗುಕ್ಕು ಜಾಸ್ತಿಯಾಯ್ತು. ಬರ್ಕೋ” ಎಂದರು.

ಬರೆದುಕೊಂಡೆ.